ಗೊಹರ್‌ಬಾನುವಿನ ಸೂರ್ಯಾಸ್ತ

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಬೇಕೆಂಬ ಒಂದೇ ಆಸೆಗೆ ದುರ್ಗಾ ಹನ್ನೊಂದು ದಿನ ಸೂರ್ಯನನ್ನು ಮುಕ್ಕಾಲು ಗಂಟೆ ಮೊದಲೇ ಮುಳುಗಿಸಿದ್ದಳು. ಹನ್ನೆರಡನೆಯ ದಿನ ಬೆಳಿಗ್ಗೆ ಪುಣೆಯ ಯೆರವಡಾದಿಂದ ಕ್ಯಾಂಪಿಗೆ ಹೋಗುವ ಬಸ್ಸಿನಲ್ಲಿ ಕಂಬ ಹಿಡಿದು ನಿಂತಿದ್ದಾಗ ಸೇತುವೆಯ ಮೇಲೆ ಅದೇ ಸೂರ್ಯ ಎಲ್ಲರ ಮುಖಕ್ಕೂ ಹೊಡೆದ. ಉಳಿದವರು ಕಣ್ಣು ಕಿರಿದು ಮಾಡಿಕೊಂಡರು. ಅವಳು ತಲೆ ತಗ್ಗಿಸಿದಳು, ಹಿಂದಿನ ದಿನ ಯಾರ ಮೇಲೆ ಚಾಡಿ ಹೇಳಿದ್ದಳೋ ಆ ಮನುಷ್ಯನೇ ಎದುರಾದ ಹಾಗೆ. ಅವಳು ಕೆಲಸಕ್ಕಿದ್ದದ್ದು ಗೊಹರ್‌ಬಾನು ಎಂಬ ಇರಾಣಿ ಮುದುಕಿಯ ಮನೆಯಲ್ಲಿ. ಗೊಹರ್‌ಬಾನು ಬಹಾಯಿ ಧರ್ಮದವಳು. ಆ ಧರ್ಮದವರಿಗೆ ಮಾರ್ಚಿನಲ್ಲಿ ಹತ್ತೊಂಬತ್ತು ದಿನ ಉಪವಾಸ. ಸೂರ್ಯ ಹುಟ್ಟಿದ ಮೇಲೆ ಮುಳುಗುವ ತನಕ ಒಂದು ಗುಟುಕು ನೀರನ್ನೂ ಕುಡಿಯುವಂತಿಲ್ಲ. ಮುದುಕಿಯ ಎರಡೂ ಕಣ್ಣಿಗೆ ಪೊರೆ ಬಂದು ಗಡಿಯಾರದ ಮುಳ್ಳುಗಳು ಹಾಲಿನಲ್ಲಿ ಬಿದ್ದ ಎಳೆಗಳಂತೆ ಕಾಣುತ್ತಿದ್ದವು. ಉಪವಾಸದ ಕೊನೆಯ ಹಬ್ಬ ಮುಗಿದ ಮೇಲೆ ಆಪರೇಷನ್ನು ಎಂದಾಗಿತ್ತು. ಅಲ್ಲಿಯ ತನಕ ಸೂರ್ಯ ಮುಳುಗಿದನೇ ಎಂದು ಕೇಳುವುದು ಮುದುಕಿಯ ಕೆಲಸ, ನೋಡಿ ಹೇಳುವುದು ದುರ್ಗಾಳ ಕೆಲಸ. ಕಸ, ಪಾತ್ರೆ, ಬಟ್ಟೆ, ಅಡುಗೆ, ಸೂರ್ಯ.

ಮೊದಲ ದಿನ ಅದು ಸುಳ್ಳು ಎಂದೇ ಅವಳಿಗೆ ಅನಿಸಿರಲಿಲ್ಲ. ಆರಕ್ಕೆ ಹಿಂದಿನ ಬೀದಿಯ ಇಗರ್ಜಿಯಲ್ಲಿ ಗಂಟೆ ಬಾರಿಸಿತು. ಮಂಚದ ಮೇಲೆ ಗೋಡೆಗೆ ಒರಗಿದ್ದ ಗೊಹರ್‌ಬಾನು ಒಣಗಿದ ತುಟಿ ಬಿಡಿಸಿ, ಮುಳುಗಿದನೇನು ಎಂದಳು. ದುರ್ಗಾ ಗ್ಯಾಲರಿಯ ಬಾಗಿಲಲ್ಲಿದ್ದಳು. ಸೂರ್ಯ ಎದುರಿನ ಕಟ್ಟಡದ ನೀರಿನ ಟಾಕಿಗಿಂತ ಒಂದು ಗೇಣು ಮೇಲೆ, ಪೆನ್ಷನ್ನು ಬಂದ ಮನುಷ್ಯನ ಹಾಗೆ ಯಾವ ಅವಸರವೂ ಇಲ್ಲದೆ ಕೂತಿದ್ದ. ಆರು ಹತ್ತಕ್ಕೆ ಒಂದು ಬಸ್ಸಿತ್ತು, ಡಿಪೋದಿಂದ ಖಾಲಿ ಬರುವ ಬಸ್ಸು. ಅದು ತಪ್ಪಿದರೆ ಏಳು ಗಂಟೆಯದು. ಅದರಲ್ಲಿ ನಿಂತೇ ಹೋಗಬೇಕು, ಹಿಂದಿನವನ ಉಸಿರು ಕುತ್ತಿಗೆಗೆ ತಾಗುತ್ತಿರುತ್ತದೆ, ಬ್ರೇಕು ಬಿದ್ದಾಗಲೆಲ್ಲ ಅವನ ಕೈ ಹುಡುಕಿಕೊಂಡು ಬರುತ್ತದೆ, ಬ್ರೇಕು ಬೀಳದಿದ್ದಾಗಲೂ ಬರುತ್ತದೆ. ಕೂಗಬೇಕೆಂದು ಬಾಯಿ ತೆರೆದರೆ ದನಿ ಗಂಟಲಿನಲ್ಲೇ ಕೂತುಬಿಡುತ್ತಿತ್ತು. ಶಾಲೆಯಲ್ಲೂ ಹಾಗೆಯೇ. ಹೆಸರು ಕೂಗಿದಾಗ ಅವಳು ಹಾಜರ್ ಅನ್ನುತ್ತಿದ್ದಳು, ಅದು ಎರಡನೆಯ ಬೆಂಚಿನ ಆಚೆ ಹೋಗುತ್ತಿರಲಿಲ್ಲ, ಗುರುಗಳು ಗೈರು ಎಂದು ಬರೆದುಕೊಳ್ಳುತ್ತಿದ್ದರು. ಆರನೆಯ ಇಯತ್ತೆಯಲ್ಲಿ ಎರಡು ತಿಂಗಳು ದಿನಾ ಬೆಂಚಿನ ಮೇಲೆ ಕೂತೂ ಅವಳು ಶಾಲೆಗೆ ಬಂದಿರಲಿಲ್ಲ. ಮಗಳು ಶಾಲೆ ತಪ್ಪಿಸಿ ಎಲ್ಲಿಗೆ ಹೋಗುತ್ತಾಳೆಂದು ಅವ್ವ ಶರಣಮ್ಮ ಹೊಡೆದು ಕೇಳಿದಳು. ಅದಕ್ಕೂ ಉತ್ತರ ಕೇಳಿಸುವಷ್ಟು ದೊಡ್ಡದಾಗಿ ಬರಲಿಲ್ಲ, ಶಾಲೆ ಬಿಡಿಸಿದರು. "ಹೌದ್ರಿ ಬಾಯಾರ, ಮುಳುಗಿದ" ಎಂದದ್ದು ಮಾತ್ರ ಆವತ್ತು ಸ್ಪಷ್ಟವಾಗಿ, ದುಂಡಗೆ ಬಂತು. ಬಾಗಿಲು ಹಾಕಿದಳು, ಪರದೆ ಎಳೆದಳು, ಟ್ಯೂಬ್‌ಲೈಟು ಹಚ್ಚಿದಳು. ಮುದುಕಿ ಏನೋ ಮಂತ್ರದಂಥದ್ದು ಗುನುಗಿ ಚಹಾದ ಕಪ್ಪು ಎತ್ತಿ ಕುಡಿದಳು. ಇಷ್ಟೇ ಸಾಕಲ್ಲ ಎಂದು ದುರ್ಗಾಳಿಗೆ ಆಶ್ಚರ್ಯವಾಗಿತ್ತು. ಒಂದು ದಿನವನ್ನು ಮುಗಿಸುವುದಕ್ಕೆ ಒಂದು ಪರದೆ, ಒಂದು ಸ್ವಿಚ್ಚು.

ಮರುದಿನ ಗೊಹರ್‌ಬಾನುವೇ ಹೇಳಿದಳು, ತಾನು ಎರಡನೆಯ ಕಪ್ಪು ಕುಡಿದು ಮುಗಿಸಿದ ಮೇಲೆ ದೂರದ ಮಸೀದಿಯ ಬಾಂಗು ಕೇಳಿಸಿತೆಂದು. ದುರ್ಗಾಳ ಕೈಯಲ್ಲಿನ ಪಾತ್ರೆ ಜಾರಿತು. ಆದರೆ ಮುದುಕಿ, ಅವರದು ಯಾವಾಗಲೂ ಸ್ವಲ್ಪ ತಡ, ಗಟ್ಟಿ ಕತ್ತಲಾಗಲಿ ಅಂತ ಕಾಯತಾರ ಎಂದು ತಾನೇ ಕಾರಣವನ್ನೂ ಹುಡುಕಿಕೊಟ್ಟಳು. ಸುಳ್ಳಿಗೆ ಗೋಡೆ ಕಟ್ಟಿಕೊಡುವ ಕೆಲಸವನ್ನು ನಂಬಿದವರೇ ಮಾಡುತ್ತಾರೆ. ಹೇಳಿದವರು ಸುಮ್ಮನೆ ಇಟ್ಟಂಗಿ ಹಿಡಿದು ನಿಂತರಾಯಿತು. ಪುಣೆಯಲ್ಲಿ ಬಹಾಯಿಗಳು ಬೇಕಾದಷ್ಟು ಜನ ಇದ್ದರು, ಆದರೆ ಲಿಫ್ಟಿಲ್ಲದ ಮೂರನೆಯ ಮಹಡಿ ಹತ್ತಿ ಬಂದು ಇವಳ ಜೊತೆ ಉಪವಾಸ ಬಿಡುವಷ್ಟು ತ್ರಾಣ ಉಪವಾಸದಲ್ಲಿ ಯಾರಿಗೂ ಇರಲಿಲ್ಲ. ಹೀಗೆ ಹನ್ನೊಂದು ದಿನ ನಡೆಯಿತು. ಹನ್ನೊಂದನೆಯ ದಿನ, ಅಂದರೆ ನಿನ್ನೆ, ಗೊಹರ್‌ಬಾನು ಮುಂಬೈಯಲ್ಲಿನ ತಂಗಿಯ ಮಗಳ ಜೊತೆ ಫೋನಿನಲ್ಲಿ ಮಾತಾಡುತ್ತ, ಕಣ್ಣು ಹೋದರೂ ನನಗೆ ಚಿಂತೆಯಿಲ್ಲ, ಈ ಪೋರಿ ದುರ್ಗಾನೇ ನನ್ನ ಕಣ್ಣು, ಇವಳಷ್ಟು ಖರೇ ಹುಡುಗಿಯನ್ನು ನಾನು ನೋಡಿಲ್ಲ ಅಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹತ್ತೊಂಬತ್ತು ವರ್ಷಕ್ಕೆ ಮೊದಲ ಸಲ ಯಾರೋ ಅವಳನ್ನು ಹೊಗಳಿದ್ದರು, ಅದೂ ಅವಳು ಮಾಡದೆ ಇದ್ದದ್ದಕ್ಕೆ. ಇವತ್ತು ಆರರ ಗಂಟೆ ಬಾರಿಸುವ ಮೊದಲು ಹೇಳಿಬಿಡಬೇಕು. ಹೇಳಿದರೆ ಕೆಲಸ ಹೋಗಬಹುದು. ಅದಕ್ಕಿಂತ ಹೆಚ್ಚಾಗಿ, ನನ್ನ ಕಣ್ಣು ಅನ್ನುವ ಮಾತು ಹೋಗುತ್ತದೆ.

ಗೊಹರ್‌ಬಾನುವಿನ ಅಪ್ಪ ಬೆಳಗಾವಿಯಲ್ಲಿ ಬೇಕರಿ ಇಟ್ಟಿದ್ದನಂತೆ, ಹಾಗಾಗಿ ಅವಳಿಗೆ ಕನ್ನಡ ಬರುತ್ತಿತ್ತು, ಮರಾಠಿ ಬೆರೆತ ಗಡಸು ಕನ್ನಡ. ಆ ಕನ್ನಡಕ್ಕಾಗಿಯೇ ದುರ್ಗಾ ಈ ಕೆಲಸ ಹಿಡಿದದ್ದು. ಬೆಳಿಗ್ಗೆ ಗೋಡೆಯ ಫೋಟೋ ಒರೆಸುವಾಗ ಇವತ್ತು ಅವಳಿಗೆ ಆ ಬಿಳಿ ಗಡ್ಡದ, ಬಿಳಿ ಮುಂಡಾಸಿನ ಹಿರಿಯರನ್ನು ನೇರವಾಗಿ ನೋಡಲಾಗಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ಎರಡು ತಿಂಗಳು ಅವರನ್ನು ಅವಳು ಗೊಹರ್‌ಬಾನುವಿನ ಮಾವನೆಂದೇ ತಿಳಿದು, ಸೆರಗು ಹೊದ್ದುಕೊಂಡು ಧೂಳು ಒರೆಸುತ್ತಿದ್ದಳು. ಒಂದು ದಿನ ಧೈರ್ಯ ಮಾಡಿ, ಮಾವನವರು ತೀರಿಕೊಂಡು ಎಷ್ಟು ವರ್ಷವಾಯಿತೆಂದು ಕೇಳಿದಾಗ ಮುದುಕಿ ಕೆಮ್ಮು ಬರುವಷ್ಟು ನಕ್ಕಿದ್ದಳು. ಇವರು ಧರ್ಮ ತಂದವರ ಮಗ. ಧರ್ಮ ತಂದವರ ಫೋಟೋ ನಾವು ಗೋಡೆಗೆ ಹಾಕುವುದಿಲ್ಲ ಅಂದಳು. ಅದೇ ಗ್ಯಾಲರಿಯಲ್ಲಿ ಪಕ್ಕದ ಮನೆ ಸೆಲೆಸ್ತಿನ್ ಎಂಬ ಮಂಗಳೂರು ಕಡೆಯ ಕಿರಿಸ್ತಾನ ವಿಧವೆಯದು. ಮಧ್ಯಾಹ್ನ ದುರ್ಗಾ ಅಲ್ಲಿಯೂ ಪಾತ್ರೆ ತೊಳೆಯುತ್ತಿದ್ದಳು. ಅಲ್ಲಿ ಕೆಂಪು ಬಲ್ಬಿನ ಹಿಂದೆ ಎದೆ ತೆರೆದು ತೋರಿಸುವ ಏಸು ಇದ್ದ, ಅವನೂ ಮಗನೇ. ಎರಡೂ ಮನೆಗಳಲ್ಲಿ ಗೋಡೆಯ ಮೇಲೆ ಇದ್ದದ್ದು ಮಗ. ಅಪ್ಪಂದಿರು ಎಲ್ಲಿಯೂ ಕಾಣಿಸುತ್ತಿರಲಿಲ್ಲ. ದುರ್ಗಾಳಿಗೆ ಇದು ವಿಚಿತ್ರ ಅನಿಸಲಿಲ್ಲ. ಅವಳ ಅಪ್ಪ ಶಂಕ್ರೆಪ್ಪನೂ ಸ್ಲ್ಯಾಬಿನ ಕೆಲಸವೆಂದು ದೌಂಡಿಗೆ ಹೋದವನು ಹಬ್ಬಕ್ಕೂ ಕಾಣಿಸಿಕೊಳ್ಳುತ್ತಿರಲಿಲ್ಲ, ಮತ್ತು ಅವ್ವ ಎಲ್ಲದಕ್ಕೂ ಅವನ ಹೆಸರನ್ನೇ ಹೇಳಿ ಹೆದರಿಸುತ್ತಿದ್ದಳು.

ಧರ್ಮದ ವಿಷಯದಲ್ಲಿ ಅವಳಿಗೆ ತಿಳಿದದ್ದೆಲ್ಲ ಈ ಗ್ಯಾಲರಿಯಲ್ಲಿ ಬಟ್ಟೆ ಹಿಂಡುತ್ತ ಕೇಳಿಸಿಕೊಂಡದ್ದು. ಇಬ್ಬರು ಮುದುಕಿಯರೂ ಕುರ್ಚಿ ಹಾಕಿಕೊಂಡು ಕೂತರೆ ಮೊದಲು ಕಾಲುನೋವು, ಆಮೇಲೆ ಏಸು. ಗೊಹರ್‌ಬಾನುವಿನ ಪ್ರಕಾರ ಏಸು ಸತ್ಯವೇ, ಕೃಷ್ಣ, ಬುದ್ಧ, ಮಹಮ್ಮದ ಎಲ್ಲರೂ ಸತ್ಯವೇ. ಶಾಲೆಯಲ್ಲಿ ಒಂದೊಂದು ಇಯತ್ತೆಗೆ ಒಬ್ಬೊಬ್ಬ ಮಾಸ್ತರರು ಇದ್ದ ಹಾಗೆ, ಹೆಡ್ ಮಾಸ್ತರ ಒಬ್ಬನೇ, ತಮ್ಮವರು ಈಗಿನ ಇಯತ್ತೆಗೆ ಬಂದವರು. ಹಾಗಾದರೆ ನಾನು ನಪಾಸಾಗಿ ಹಳೇ ಕ್ಲಾಸಿನಲ್ಲೇ ಕೂತಿದ್ದೇನೆ ಅಂತ ನಿಮ್ಮ ಲೆಕ್ಕವಾ ಎಂದು ಸೆಲೆಸ್ತಿನ್ ಕೇಳುತ್ತಿದ್ದಳು. ತಾನು ಯಾವ ಇಯತ್ತೆ ಎಂದು ದುರ್ಗಾ ಯೋಚಿಸುತ್ತಿದ್ದಳು. ಅವಳ ಮನೆಯ ಗೂಡಿನಲ್ಲಿ ಎಲ್ಲಮ್ಮ ಇದ್ದಳು. ಎಲ್ಲಮ್ಮ ಯಾರಿಗೂ ಪಾಠ ಹೇಳಿದ್ದು ಅವಳು ಕೇಳಿರಲಿಲ್ಲ. ಧರ್ಮ ಶಾಲೆಯಾದರೆ ಅಲ್ಲಿಯೂ ತನ್ನನ್ನು ಗೈರು ಎಂದೇ ಬರೆದುಕೊಂಡಿರಬೇಕು. ಏಸು ಮೋಡದ ಮೇಲೆ ಬರುತ್ತಾನೆಂದು ಬರೆದಿದೆ ಎಂದು ಸೆಲೆಸ್ತಿನ್ ಅಂದರೆ ಗೊಹರ್‌ಬಾನು, ಅವನು ಇನ್ನೊಂದು ಹೆಸರಿನಲ್ಲಿ ಬಂದು ಹೋಗಿಯೇ ನೂರು ವರ್ಷ ದಾಟಿತು, ನೀವು ಆಕಾಶ ನೋಡುತ್ತ ನಿಂತಿರಿ, ಅವನು ಮೆಟ್ಟಿಲು ಹತ್ತಿ ಬಂದು ಇಳಿದು ಹೋದ ಅನ್ನುತ್ತಿದ್ದಳು. "ಮೆಟ್ಟಿಲು ಹತ್ತಿ ಬರ್ಲಿಕ್ಕೆ ಅವನೇನು ಹಾಲಿನವನಾ?" ಎಂದು ಸೆಲೆಸ್ತಿನ್. ಸತ್ತವನು ಮೈಯಿಂದ ಎದ್ದದ್ದಲ್ಲ, ಅವನ ಮಾತು ಶಿಷ್ಯರಲ್ಲಿ ಎದ್ದಿತು ಎಂದು ಗೊಹರ್‌ಬಾನು. ಹಾಗಾದರೆ ನಂಬದ ಶಿಷ್ಯ ತೋಮಸ್ ಗಾಯಕ್ಕೆ ಬೆರಳು ಹಾಕಿ ನೋಡಿದ್ದು ಮಾತಿಗೋ ಎಂದು ಸೆಲೆಸ್ತಿನ್. ಸೈತಾನ ಎಂಬವನು ಹೊರಗೆ ಯಾರೂ ಇಲ್ಲ, ನಮ್ಮ ಕೀಳುಬುದ್ಧಿಯೇ ಅವನು ಎಂದು ಗೊಹರ್‌ಬಾನು ಹೇಳಿದ ದಿನ ಮಾತ್ರ ಸೆಲೆಸ್ತಿನ್‌ಗೆ ನಿಜವಾಗಿ ಕೋಪ ಬಂತು. ಸೈತಾನ ಇಲ್ಲದಿದ್ದರೆ ನಾನು ಲಾರೆನ್ಸನನ್ನು ಯಾಕೆ ಮದುವೆಯಾಗುತ್ತಿದ್ದೆ ಎಂದು ಕುರ್ಚಿ ಎತ್ತಿಕೊಂಡು ಒಳಗೆ ಹೋದಳು.

ಪಾಪ ಹೇಳಿಕೊಳ್ಳುವ ಮಾತು ಬಂದದ್ದೂ ಹೀಗೆಯೇ. ಸೆಲೆಸ್ತಿನ್ ಶನಿವಾರ ಶನಿವಾರ ಇಗರ್ಜಿಗೆ ಹೋಗಿ ಮರದ ಪೆಟ್ಟಿಗೆಯ ಜಾಲರಿಗೆ ಬಾಯಿಟ್ಟು ವಾರದ ತಪ್ಪುಗಳನ್ನು ಪಾದ್ರಿಗೆ ಹೇಳಿ ಹಗುರಾಗಿ ಬರುತ್ತಿದ್ದಳು. ಬಹಾಯಿಗಳಲ್ಲಿ ಅದಕ್ಕೆ ಮನಾಯಿ. ಮನುಷ್ಯ ಮನುಷ್ಯನ ಮುಂದೆ ಪಾಪ ಹೇಳಿಕೊಂಡು ಸಣ್ಣವನಾಗಬಾರದು, ಮನಸ್ಸಿನೊಳಗೆ ದೇವರಿಗೆ ಹೇಳಬೇಕು, ಮುಗಿಯಿತು. ಆಗ ದುರ್ಗಾಳಿಗೆ ಬಹಾಯಿಯೇ ತನಗೆ ಸರಿ ಅನಿಸಿತ್ತು, ಮಾತಾಡುವ ಕಷ್ಟವಿಲ್ಲ. ಈಗ ಹಾಗೆ ಅನಿಸಲಿಲ್ಲ. ಬೆಳಗಿನಿಂದ ಹತ್ತು ಸಲ ಮನಸ್ಸಿನೊಳಗೆ ಹೇಳಿಯಾಗಿತ್ತು. ಹುಟ್ಟಿದಾಗಿನಿಂದ ಎಲ್ಲವನ್ನೂ ಮನಸ್ಸಿನೊಳಗೇ ಹೇಳುತ್ತ ಬಂದವಳಿಗೆ ಇನ್ನೊಂದು ಮಾತು ಅಲ್ಲಿಗೆ ಸೇರಿದರೆ ಏನು ಕಷ್ಟ. ಅಲ್ಲಿ ಹೇಳಿದ್ದು ಅಲ್ಲಿಯೇ ಇತ್ತು, ತೊಳೆಯದ ಪಾತ್ರೆಯ ಹಾಗೆ. ಮಧ್ಯಾಹ್ನದ ತನಕ ಮೂರು ಸಲ ಮಂಚದ ಹತ್ತಿರ ಹೋಗಿ ನಿಂತಳು. ಮೊದಲ ಸಲ ಮುದುಕಿ ನಿದ್ದೆಯಲ್ಲಿದ್ದಳು. ಎರಡನೆಯ ಸಲ ಪ್ರಾರ್ಥನೆಯಲ್ಲಿದ್ದಳು, ಒಂದೇ ಹೆಸರನ್ನು ತೊಂಬತ್ತೈದು ಸಲ ಹೇಳುವ ಪ್ರಾರ್ಥನೆ. ಅರವತ್ತು ಚಿಲ್ಲರೆಯಲ್ಲಿ ತಡೆದರೆ ಮತ್ತೆ ಮೊದಲಿನಿಂದ ಶುರು ಮಾಡುತ್ತಾಳೇನೋ ಎಂದು ಹಿಂದೆ ಸರಿದಳು. ಆಗ ಅದೇ ಹೆದರಿಕೆ ದೊಡ್ಡದಾಯಿತು. ಅವ್ವ ಹಿಡಿದ ಸೋಮವಾರದ ಉಪವಾಸಗಳು ನಡುವೆ ಕೆಟ್ಟರೆ ಮತ್ತೆ ಒಂದರಿಂದ ಎಣಿಸಬೇಕಿತ್ತು. ಹನ್ನೊಂದು ದಿನವೂ ಕೆಟ್ಟಿದೆ ಎಂದು ಗೊತ್ತಾದರೆ ಈ ಮುದುಕಿ ಹತ್ತೊಂಬತ್ತನ್ನೂ ಮತ್ತೆ ಹಿಡಿದರೆ? ಮೂರನೆಯ ಸಲ ಹೋದಾಗ ಮುದುಕಿ ಎದ್ದೇ ಇದ್ದಳು. ಏನು ಪೋರಿ ಎಂದಳು. ಬೇಳೆ ಮುಗಿದದ ಎಂದಳು ದುರ್ಗಾ. ಬೇಳೆ ಡಬ್ಬಿಯ ತುಂಬ ಇತ್ತು.

ಆವತ್ತು ಶುಕ್ರವಾರ. ಸೆಲೆಸ್ತಿನ್‌ದೂ ಉಪವಾಸದ ಕಾಲವೇ, ಆದರೆ ನಲವತ್ತು ದಿನದ್ದು, ಅದರಲ್ಲಿ ಊಟ ಇತ್ತು. ಶುಕ್ರವಾರ ಮಾಂಸ ತಿನ್ನುವಂತಿಲ್ಲವೆಂದು ಎಂಟು ಬಂಗುಡೆ ತಂದಿದ್ದಳು. ಪಾತ್ರೆ ತೊಳೆಯುವವಳ ಕಣ್ಣಿನಿಂದ ನೋಡಿದರೆ ಬಹಾಯಿ ಉಪವಾಸದಲ್ಲಿ ಹಗಲಿಡೀ ಮೋರಿ ಒಣಗಿರುತ್ತಿತ್ತು. ಕಿರಿಸ್ತಾನರ ಉಪವಾಸ ಬೂದಿ ಹಾಕಿ ಎರಡು ಸಲ ತಿಕ್ಕಿದರೂ ಕೈಯಿಂದ ಹೋಗುತ್ತಿರಲಿಲ್ಲ. ಮೀನಿನ ಕಿವಿರು ಕೀಳುತ್ತ, ಮುಖ ಎತ್ತದೆ, ದುರ್ಗಾ ಸೆಲೆಸ್ತಿನ್‌ಗೆ ಎಲ್ಲವನ್ನೂ ಹೇಳಿಬಿಟ್ಟಳು. ಹೇಗೆ ಹೇಳಿದಳೋ ಅವಳಿಗೇ ತಿಳಿಯಲಿಲ್ಲ. ಬಹುಶಃ ಮೀನುಗಳಿಗೆ ಹೇಳಿದಳು, ಸೆಲೆಸ್ತಿನ್ ಪಕ್ಕದಲ್ಲಿದ್ದಳು. ಸೆಲೆಸ್ತಿನ್‌ಳ ಹೊಟ್ಟೆ ಅಲ್ಲಾಡತೊಡಗಿತು, ಕಣ್ಣಲ್ಲಿ ನೀರು ಬಂತು, ಮೊಣಕೈಯಿಂದ ಒರೆಸಿಕೊಂಡಳು. ನಮ್ಮ ಇಗರ್ಜಿಯ ಗಂಟೆಗೆ ಬಹಾಯಿ ಉಪವಾಸ ಬಿಡಿಸಿದ್ದೀಯಲ್ಲ, ಬಿಷಪ್ಪರಿಗೆ ಹೇಳಿದರೆ ನಿನಗೆ ಮೆಡಲು ಕೊಡುತ್ತಾರೆ ಅಂದಳು. ಆಮೇಲೆ ನಗು ನಿಲ್ಲಿಸಿ ದನಿ ಇಳಿಸಿದಳು.

"ನೀನು ಮಾಡಿದ್ದು ಒಳ್ಳೇದೇ ಆಯ್ತು ಮಾರಾಯ್ತಿ. ಅವಳಿಗೆ ಶುಗರ್ ಉಂಟು. ಎಪ್ಪತ್ತು ದಾಟಿದವರಿಗೆ, ಸೀಕಿನವರಿಗೆ ಉಪವಾಸ ಇಲ್ಲ ಅಂತ ಅವರದ್ದೇ ಕಾನೂನು. ಆದ್ರೆ ಎಪ್ಪತ್ತಾದದ್ದು ಒಪ್ಪಬೇಕಲ್ಲ. ನಾನು ಈ ಬಿಲ್ಡಿಂಗಿಗೆ ಬಂದಾಗ ಅವಳಿಗೆ ಅರವತ್ತೊಂಬತ್ತು. ಮೂರು ವರ್ಷ ಆಯ್ತು, ಇನ್ನೂ ಅರವತ್ತೊಂಬತ್ತೇ."

"ಹೇಳಲೇನ್ರಿ ಆಂಟಿ, ಬಾಯಾರಿಗೆ?"

ಸೆಲೆಸ್ತಿನ್ ಒಂದು ಮೀನನ್ನು ಬೆಳಕಿಗೆ ಹಿಡಿದು ನೋಡಿದಳು. ಹೇಳಿದರೆ ಅವಳು ಸಾಯುತ್ತಾಳೆ, ಹೇಳದಿದ್ದರೆ ನೀನು ಸಾಯುತ್ತೀಯ ಅಂದಳು. ನಾಳೆ ಶನಿವಾರ, ನಿನ್ನನ್ನು ಪೆಟ್ಟಿಗೆಯ ಹತ್ತಿರ ಬಿಡುವುದಿಲ್ಲ, ತಲೆಗೆ ನೀರು ಹಾಕಿಸಿಕೊಂಡು ಕಿರಿಸ್ತಾನರಾದವರಿಗೆ ಮಾತ್ರ. ಬೇಕಾದರೆ ನನ್ನ ಪಾಪಗಳ ನಡುವೆ ನಿನ್ನದೂ ಒಂದು ತುರುಕಿ ನನ್ನದೇ ಎಂದು ಹೇಳಿ ಬರುತ್ತೇನೆ, ಪಾದ್ರಿ ಅರ್ಧ ನಿದ್ದೆಯಲ್ಲಿರುತ್ತಾರೆ, ಗೊತ್ತಾಗುವುದಿಲ್ಲ. ಅವಳು ತಮಾಷೆ ಮಾಡುತ್ತಿರಲಿಲ್ಲ. ದುರ್ಗಾ ಕೈಯಲ್ಲಿ ಮೀನಿನ ಕರುಳು ಹಿಡಿದುಕೊಂಡು ಅವಳನ್ನೇ ನೋಡಿದಳು. ಗ್ಯಾಲರಿಯಲ್ಲಿ ಎರಡು ವರ್ಷ ಕೇಳಿದ ಜಗಳವೆಲ್ಲ ಇಷ್ಟೇ ಇರಬಹುದೇ ಎಂದು ಅವಳಿಗೆ ಹೊಳೆಯಿತು: ಒಂದು ಮನೆಯಲ್ಲಿ ನಿನ್ನ ತಪ್ಪನ್ನು ಇನ್ನೊಬ್ಬರು ಹೊತ್ತುಕೊಂಡು ಹೋಗುತ್ತಾರೆ, ಇನ್ನೊಂದು ಮನೆಯಲ್ಲಿ ನಿನ್ನದನ್ನು ನೀನೇ ಹೊರಬೇಕು. ಮೊದಲನೆಯದು ಎಷ್ಟು ಸುಖ. ಅದಕ್ಕೇ ಆ ಮನೆಯವರು ಜಗತ್ತಿನ ತುಂಬ ಇದ್ದಾರೆ, ಇವರು ಇಷ್ಟೇ ಜನ. ಆದರೆ ಅವಳ ತಪ್ಪು ಹೊರಲು ಸೆಲೆಸ್ತಿನ್ ಆಂಟಿ ಮೊಣಕಾಲು ನೋವಿನಲ್ಲಿ ಮಂಡಿಯೂರುವುದನ್ನು ನೆನೆದರೆ ನಾಚಿಕೆಯಾಯಿತು. ಇನ್ನೂ ನಾಚಿಕೆಯಾದದ್ದು, ಆ ಪಾದ್ರಿ ಕಿಟಕಿ ಸೀಟಿನ ವಿಷಯ ಕೇಳಿದರೆ ಸೆಲೆಸ್ತಿನ್ ಏನು ಹೇಳಿಯಾಳು ಎಂದು. ಬ್ಯಾಡ್ರಿ ಎಂದಳು. ನಿನ್ನಿಷ್ಟ ಎಂದು ಸೆಲೆಸ್ತಿನ್ ಮೀನಿಗೆ ಉಪ್ಪು ಹಚ್ಚಿದಳು.

ಆರಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ದುರ್ಗಾ ಚಹಾ ಮಾಡಿ ಮುಚ್ಚಿಟ್ಟಳು. ಗಂಟೆ ಬಾರಿಸಿತು. ಗೊಹರ್‌ಬಾನು ಕೈ ಚಾಚಿದಳು, ಕೇಳುವ ಅಗತ್ಯವೂ ಇಲ್ಲವೆಂಬಂತೆ. ಆ ಕೈ ಗಾಳಿಯಲ್ಲಿ ಅಷ್ಟು ನಂಬಿಕೆಯಿಂದ ನಿಂತಿತ್ತು, ಇನ್ನು ಅದರ ಮೇಲೆ ಕಪ್ಪು ಇಡುವುದೇ ಸುಲಭ. ಬಾಗಿಲಾಚೆ ಟಾಕಿಯ ಮೇಲೆ ಸೂರ್ಯ ತನ್ನ ಗೇಣಿನಷ್ಟು ಜಾಗದಲ್ಲಿ ಕೂತಿದ್ದ.

"ಇನ್ನೂ ಮುಳುಗಿಲ್ರಿ ಬಾಯಾರ."

ಕೈ ನಿಧಾನವಾಗಿ ಇಳಿಯಿತು. ಸ್ವಲ್ಪ ಹೊತ್ತು ಬಿಟ್ಟು ಗೊಹರ್‌ಬಾನು ಮತ್ತೆ ಕೇಳಿದಳು, ದುರ್ಗಾ ಮತ್ತೆ ಇಲ್ಲವೆಂದಳು. ಗಂಟೆ ಬಾರಿಸಿತಲ್ಲ ಎಂದಳು ಮುದುಕಿ. ಬಾರಿಸಿತು ಎಂದಳು ದುರ್ಗಾ. ಅರ್ಧ ಗಂಟೆ ಅಂದರೆ ಎಷ್ಟು ದೊಡ್ಡದೆಂದು ದುರ್ಗಾಳಿಗೆ ಈ ತನಕ ತಿಳಿದಿರಲಿಲ್ಲ. ಆರು ಹತ್ತರ ಬಸ್ಸು ಹೋದದ್ದು, ಅದರ ಹಾರ್ನು, ಕೆಳಗಿನ ಅಂಗಡಿಯ ಷಟರು, ಮುದುಕಿಯ ನಾಲಗೆ ಅಂಗುಳಕ್ಕೆ ಅಂಟಿ ಬಿಡಿಸಿಕೊಳ್ಳುವ ಸದ್ದು, ಎಲ್ಲವನ್ನೂ ಕೇಳುತ್ತ ನಿಂತಳು. ಚಹಾ ಆರಿ ಕೆನೆ ಕಟ್ಟಿತು. ಗೊಹರ್‌ಬಾನು ಬೆವರುತ್ತಿದ್ದಳು.

"ನಿನ್ನೆ ಗಂಟೆ ಬಾರಿಸಿದ ಕೂಡಲೇ ಮುಳುಗಿದ್ದ. ಒಂದ ದಿನದಾಗ ಸೂರ್ಯ ಇಷ್ಟ ತಡಾ ಮಾಡತಾನೇನು? ನನ್ನ ಮ್ಯಾಲೆ ಸಿಟ್ಟದ ಏನ ನಿನಗ? ಹಸಿದ ಮುದುಕಿನ್ನ ಕಾಡಿಸಿ ನೋಡಾಕತ್ತಿ?"

ಹನ್ನೊಂದು ದಿನದ ಸುಳ್ಳಿನ ಮುಂದೆ ಒಂದು ದಿನದ ಸತ್ಯ ಸುಳ್ಳಾಗಿ ನಿಂತಿತ್ತು. ದುರ್ಗಾ ತುಟಿ ಅಲ್ಲಾಡಿಸಿದಳು. ಏನಂದಿ, ಕೇಳಿಸಲಿಲ್ಲ ಎಂದಳು ಮುದುಕಿ. ಮತ್ತೆ ಹೇಳಿದಳು. ಮತ್ತೆ ಕೇಳಿಸಲಿಲ್ಲ. ಮೂರನೆಯ ಸಲ ಇಡೀ ಗ್ಯಾಲರಿಗೆ ಕೇಳಿಸುವಷ್ಟು ದೊಡ್ಡದಾಗಿ ಬಂತು.

"ನಿನ್ನೇನೂ ಮುಳುಗಿರಲಿಲ್ರಿ. ಮೊನ್ನೇನೂ ಮುಳುಗಿರಲಿಲ್ಲ. ಒಂದ ದಿನಾನೂ ಮುಳುಗಿರಲಿಲ್ರಿ ಬಾಯಾರ. ನಾ ಸುಳ್ಳ ಹೇಳಿದೆ."

ಪಕ್ಕದ ಮನೆಯಲ್ಲಿ ರೇಡಿಯೋ ನಿಂತಿತು. ಗೊಹರ್‌ಬಾನು ಪೊರೆಗಣ್ಣುಗಳನ್ನು ಅವಳು ನಿಂತಿದ್ದ ಕಡೆಗಿಂತ ಸ್ವಲ್ಪ ಎಡಕ್ಕೆ ತಿರುಗಿಸಿದಳು. ಬೆಣ್ಣೆ ಸವರಿದಂಥ ದನಿಯಲ್ಲಿ ಕೇಳಿದಳು.

"ನನ್ನ ತಬ್ಯೇತಿಗೆ ಹೆದರಿ ಹೇಳಿದಿ, ಹೌದಲ್ಲ? ನನ್ನ ಸಕ್ಕರಿ ಬ್ಯಾನಿ ನೋಡಿ?"

ಹೌದು ಅನ್ನಬಹುದಿತ್ತು. ಮುದುಕಿ ಬಾಗಿಲು ತೆರೆದು ಹಿಡಿದಿದ್ದಳು. ಒಳಗೆ ಕಾಲಿಟ್ಟರೆ ನನ್ನ ಕಣ್ಣು ಅನ್ನುವ ಮಾತು ಹಾಗೆಯೇ ಉಳಿಯುತ್ತಿತ್ತು, ಮೊದಲಿಗಿಂತ ಹೊಳೆಯುತ್ತಿತ್ತು. ಅದನ್ನು ಮುದುಕಿಯೂ ಬಯಸಿದ್ದಳು, ಆ ದನಿಯಲ್ಲಿ ಗೊತ್ತಾಗುತ್ತಿತ್ತು.

"ಇಲ್ರಿ. ಬಸ್ಸಿಗೆ. ಆರು ಹತ್ತರ ಬಸ್ಸಿನ್ಯಾಗ ಕಿಟಕಿ ಸೀಟ ಸಿಗತದ."

ಗೊಹರ್‌ಬಾನು ಕಿಟಕಿ ಸೀಟ ಎಂದು ಒಮ್ಮೆ ತನ್ನಷ್ಟಕ್ಕೆ ಹೇಳಿ ನೋಡಿದಳು. ಬೆರಳು ಮಡಚಿ ಹನ್ನೊಂದರ ತನಕ ಎಣಿಸಿದಳು; ಎರಡೂ ಕೈಯ ಬೆರಳು ತೀರಿ ಒಂದು ದಿನ ಹೆಚ್ಚಾಯಿತು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡು ಕೂತಳು. ಇದನ್ನು ನನ್ನ ಮುಂದೆ ಯಾಕೆ ಹೇಳಿದೆ ಎಂದು ಕೇಳಿದಳು. ನಮ್ಮೊಳಗ ಹಿಂಗ ಮನುಷ್ಯಾರ ಮುಂದ ಹೇಳೂ ಪದ್ಧತಿ ಇಲ್ಲ, ಮಾಫ್ ಮಾಡಾಕ ನಾ ಯಾರು, ಒಳಗ ಹೇಳಿಕೊಂಡಿದ್ರ ಮುಗೀತಿತ್ತು, ನನ್ನ ಹನ್ನೊಂದು ದಿನ ನನಗ ಉಳೀತಿದ್ವು. ದುರ್ಗಾಳ ಬಾಯಿಗೆ ಮೂರು ವರ್ಷದ ಅರವತ್ತೊಂಬತ್ತು ಬಂದು ನಿಂತಿತು. ಒಂದೇ ಮಾತು ಸಾಕಿತ್ತು, ತಕ್ಕಡಿ ಸಮ ಆಗುತ್ತಿತ್ತು. ಆವತ್ತು ದನಿ ಕೂಡ ಇತ್ತು. ನುಂಗಿದಳು. ಅಷ್ಟರಲ್ಲಿ ದೂರದ ಬಾಂಗು ಕೇಳಿಸಿತು, ಟಾಕಿಯ ಹಿಂದೆ ಕೆಂಪು ಮಾತ್ರ ಉಳಿದಿತ್ತು. ಮುಳುಗಿದ್ರಿ ಎಂದಳು. ಗೊಹರ್‌ಬಾನು ಕಪ್ಪು ಮುಟ್ಟಲಿಲ್ಲ. ಗೋಡೆ ಹಿಡಿದುಕೊಂಡು ಎದ್ದಳು, ದುರ್ಗಾ ಕೊಟ್ಟ ಕೈಯನ್ನು ಬಿಟ್ಟು ಬಾಗಿಲ ಚೌಕಟ್ಟನ್ನು ಹಿಡಿದಳು, ಗ್ಯಾಲರಿಗೆ ಹೋಗಿ ಸೆಲೆಸ್ತಿನ್‌ಳನ್ನು ಕರೆದಳು. ಮೂರು ವರ್ಷ ಯಾವಳ ಒಂದು ಮಾತನ್ನೂ ಒಪ್ಪಿರಲಿಲ್ಲವೋ ಅವಳನ್ನು, ಸೂರ್ಯ ಮುಳುಗಿದನೇ ನೋಡಿ ಹೇಳು ಎಂದು ಕೇಳಿದಳು. ಸೆಲೆಸ್ತಿನ್ ಮೊದಲ ಸಲ ಕೇಳುತ್ತಿರುವವಳ ಮುಖ ಮಾಡಿಕೊಂಡು ಹೊರಗೆ ಬಂದಳು. ಆಕಾಶ ನೋಡಿದಳು, ದುರ್ಗಾಳನ್ನು ನೋಡಿದಳು. ಹೌದು, ಮುಳುಗಿತು ಎಂದಳು. ಆಗ ಗೊಹರ್‌ಬಾನು ಒಳಗೆ ಬಂದು ಆರಿದ ಚಹಾ ಕುಡಿದಳು, ಕೆನೆಯ ಸಮೇತ. ನಾಳೆಯಿಂದ ಸೆಲೆಸ್ತಿನ್ ಹೇಳತಾಳ, ನೀ ಐದೂವರೆಗೆ ಹೋಗು ಪೋರಿ, ಬಸ್ಸು ಆರಾಮ ಸಿಗತದ ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಕೆಲಸ ಹೋಗಲಿಲ್ಲ, ಕಸ, ಪಾತ್ರೆ, ಬಟ್ಟೆ, ಅಡುಗೆ ಹಾಗೆಯೇ ಉಳಿದವು.

ಮರುದಿನ ಐದೂವರೆಗೆ ದುರ್ಗಾ ಚಪ್ಪಲಿ ಮೆಟ್ಟಿ ಇಳಿದಳು. ಹೋಗಿ ಬರತೀನ್ರಿ ಎಂದದ್ದಕ್ಕೆ ಮುದುಕಿ ಹ್ಞೂಂ ಅಂದಿದ್ದಳು, ಅಷ್ಟೇ. ಬಸ್‌ಸ್ಟಾಪಿನಲ್ಲಿ ಅವಳಷ್ಟು ಬೇಗ ಬಂದವರು ಯಾರೂ ಇರಲಿಲ್ಲ. ಒಂದು ಬಸ್ಸು ಬಂತು, ಪೂರ್ತಿ ಖಾಲಿ, ಎಲ್ಲ ಕಿಟಕಿಗಳೂ ಅವಳವೇ. ಕಂಡಕ್ಟರು ಬಾಗಿಲಲ್ಲಿ ನಿಂತು, ಚಲಾ ತಾಯಿ, ಬರುತ್ತೀಯೋ ಇಲ್ಲವೋ ಎಂದು ಮರಾಠಿಯಲ್ಲಿ ಕೇಳಿದ. ಅವಳು ತಲೆಯಾಡಿಸಿದಳು, ಹೌದೆಂದೋ ಇಲ್ಲವೆಂದೋ ಅವನಿಗೆ ತಿಳಿಯಲಿಲ್ಲ, ಗಂಟೆ ಹೊಡೆದು ಹೊರಟುಹೋದ. ಊಟದ ಡಬ್ಬಿ ಮರೆತೆನೆಂದು ತನಗೆ ತಾನೇ ಹೇಳಿಕೊಂಡು ಹಿಂತಿರುಗಿದಳು. ಡಬ್ಬಿ ಅಲ್ಲಿಯೇ ಇತ್ತು, ನಿಜ. ಬಿಟ್ಟು ಬಂದದ್ದೋ ಮರೆತದ್ದೋ ಎಂದು ಯಾರೂ ಕೇಳುವವರಿರಲಿಲ್ಲ. ಇಗರ್ಜಿಯ ಗಂಟೆ ಅವಳು ಎರಡನೆಯ ಮಹಡಿಯ ಮೆಟ್ಟಿಲಲ್ಲಿದ್ದಾಗ ಬಾರಿಸಿತು. ಮೂರನೆಯದಕ್ಕೆ ಬಂದಾಗ ಟಾಕಿಯ ಮೇಲೆ ಸೂರ್ಯ ಒಂದು ಗೇಣು ಎತ್ತರದಲ್ಲಿದ್ದ, ಗ್ಯಾಲರಿಯ ತುಂಬ ಹಳದಿ ಬಿಸಿಲು, ಒಣಹಾಕಿದ ಸೀರೆಗಳೆಲ್ಲ ಉರಿಯುತ್ತಿದ್ದವು. ಗೊಹರ್‌ಬಾನುವಿನ ಬಾಗಿಲು ಮುಚ್ಚಿತ್ತು. ಒಳಗೆ ಬಸಿಯ ಮೇಲೆ ಕಪ್ಪು ಇಟ್ಟ ಸದ್ದಾಯಿತು.

ಬಾಗಿಲು ತಳ್ಳಿದಳು. ಪರದೆ ಎಳೆದಿತ್ತು, ಟ್ಯೂಬ್‌ಲೈಟು ಉರಿಯುತ್ತಿತ್ತು. ಇಬ್ಬರು ಮುದುಕಿಯರೂ ಮೇಜಿನ ಆಚೆ ಈಚೆ ಕೂತಿದ್ದರು. ಶನಿವಾರ ಇಗರ್ಜಿಗೆ ಹೋಗಬೇಕಾದ ಸೆಲೆಸ್ತಿನ್, ನೆಟ್ಟಗೆ ಇಸ್ತ್ರಿ ಮಾಡಿದ ಗೌನಿನಲ್ಲೇ, ಖರ್ಜೂರದ ಬೀಜ ತೆಗೆದು ಗೊಹರ್‌ಬಾನುವಿನ ತಟ್ಟೆಗೆ ಹಾಕುತ್ತಿದ್ದಳು, ಒಂದೇ ಒಂದು ತಿನ್ನು, ಶುಗರ್ ಉಂಟು ಎಂದು ಗದರುತ್ತ. ಗೊಹರ್‌ಬಾನು ಆಗಲೇ ಅರ್ಧ ಕಪ್ಪು ಕುಡಿದಿದ್ದಳು. ತೆರೆದ ಬಾಗಿಲಿನಿಂದ ಬಿಸಿಲು ಒಳಗೆ ಬಿತ್ತು, ಬಿಸಿಲಿನ ನಡುವೆ ದುರ್ಗಾಳ ನೆರಳು ಉದ್ದಕ್ಕೆ ಬಿದ್ದು ನೆಲ ದಾಟಿ, ಮೇಜು ಹತ್ತಿ, ಕಪ್ಪಿನ ತನಕ ಹೋಯಿತು. ಸೆಲೆಸ್ತಿನ್ ಆ ನೆರಳನ್ನು ನೋಡಿದಳು. ಬೀಜ ಹಿಡಿದ ಬೆರಳು ಹಾಗೆಯೇ ನಿಂತಿತು. ಅವಳು ಕಣ್ಣು ತಗ್ಗಿಸಲಿಲ್ಲ.

"ಯಾರು, ಪೋರಿನಾ?" ಎಂದಳು ಗೊಹರ್‌ಬಾನು, ಮುಖ ಎತ್ತಿ, ನಿನ್ನೆಯಿಂದ ಇಲ್ಲದ ಗೆಲುವಿನಲ್ಲಿ. "ನೋಡಿದಿ ಅಲ್ಲ, ಖರೇ ಹೇಳೋರ ಕೈಯಾಗ ದಿನಾ ಎಷ್ಟ ಲಗೂ ಮುಗೀತದ."

ಹೌದ್ರಿ ಬಾಯಾರ ಎಂದು ದುರ್ಗಾ ಒಳಗೆ ಬಂದು, ಬೆನ್ನ ಹಿಂದೆ ಬಾಗಿಲು ಹಾಕಿದಳು.